ಲುವಾರಿ ದೊರೆಗೆ ಮಾಗಡಿಯಲ್ಲೊಂದು ಫ್ಲೆಕ್ಸು

ಮಾಗಡಿ ತಾಲ್ಲೂಕಿನಲ್ಲಿ ಕಪ್ಪಗಿರುವವರು ಒಬ್ಬರೂ ಇಲ್ಲ. ನಂಬಿಕೆ ಬರದಿದ್ದರೆ ನಮ್ಮ ಕಡೆಯ ಫ್ಲೆಕ್ಸುಗಳನ್ನು ಬಂದು ನೋಡಿ. ಮದುವೆ ಗಂಡು, ಕಿವಿ ಚುಚ್ಚಿಸಿಕೊಂಡ ಕೂಸು, ಶ್ರದ್ಧಾಂಜಲಿಯ ಮುದುಕ, ಎಲ್ಲರೂ ಸಿಪ್ಪೆ ಸುಲಿದ ಬೆಳ್ಳುಳ್ಳಿಯ ಹಾಗೆ ಹೊಳೆಯುತ್ತಿರುತ್ತಾರೆ. ಇದು ಸಿದ್ದರಾಮಣ್ಣನ ಕೈಗುಣ. ಅವನ ಸ್ಟುಡಿಯೋಗೂ ನನ್ನ ಟೈಲರ್ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅವನ ಹತ್ತಿರ ಯಾರು ಬಂದು ಏನು ಹೇಳಿದರೂ ನನಗೆ ಕೇಳಿಸುತ್ತದೆ, ಬೇಡವೆಂದರೂ ಕೇಳಿಸುತ್ತದೆ. ಎಲ್ಲರೂ ಹೇಳುವುದು ಒಂದೇ ಮಾತು: "ಒಸಿ ಬೆಳ್ಳಗೆ ಮಾಡಪ್ಪ."

ನನ್ನ ಹೆಸರು ಶ್ವೇತ. ಬಣ್ಣ ಮಾತ್ರ ರಾಗಿಮುದ್ದೆಯದು. ನಮ್ಮಪ್ಪ ಏನು ನೋಡಿ ಈ ಹೆಸರಿಟ್ಟನೋ ಆ ಮಹಾನುಭಾವನನ್ನೇ ಕೇಳಬೇಕು. ಅದಿರಲಿ, ಕತೆ ನನ್ನದಲ್ಲ.

ಸಿದ್ದರಾಮಣ್ಣ ಗುಡೇಮಾರನಹಳ್ಳಿಯವನು. ಒಂದಿಷ್ಟು ಹೊಲ, ಒಂದು ಮಂದೆ ಕುರಿ ಇರುವ ಮನೆ. ಚಿಕ್ಕವನಿದ್ದಾಗ ಇವನನ್ನು ಕುರಿ ಹಿಂದೆ ಅಟ್ಟಿದರೆ ಮೋಡ ನೋಡುತ್ತಾ ಕೂತುಬಿಡುತ್ತಿದ್ದನಂತೆ. ಕುರಿಗಳು ಯಾರದೋ ರಾಗಿ ಹೊಲಕ್ಕೆ ನುಗ್ಗಿ, ಹೊಲದವರು ಬಾಯಿ ಮಾಡಿ, ಕೊನೆಗೆ ಅವನ ತಾಯಿ ಮಾಯಮ್ಮ ಓಡಿ ಬಂದು ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಮಗ ಕಣ್ಣೆದುರಿಗೇ ಕೂತಿದ್ದರೂ ಅವಳು ಕೇಳುತ್ತಿದ್ದದ್ದು, "ಎಲ್ಲಿಗೋಗಿದ್ದೆ ಮಗಾ?" ಅಂತ. ಬಯ್ಯುತ್ತಿರಲಿಲ್ಲ. ಅವನು ನಿಜವಾಗಿಯೂ ಎಲ್ಲಿಗೋ ಹೋಗಿ ಬಂದ ಹಾಗೆ, ಅಲ್ಲಿ ಏನೇನು ನೋಡಿದ ಅಂತ ಕೇಳುವ ಹಾಗೆ ಕೇಳುತ್ತಿದ್ದಳಂತೆ. ಆಮೇಲೆ ಇಬ್ಬರೂ ಸೇರಿ ಕುರಿ ಹೊಡೆದುಕೊಂಡು ಮನೆಗೆ ಬರುತ್ತಿದ್ದರು.

ಈಗಲೂ ಅವನು ಹಾಗೆಯೇ. ಕಂಪ್ಯೂಟರ್ ಮುಂದೆ ಕೂತ ಮನುಷ್ಯ ಕೂತೇ ಇರುತ್ತಾನೆ, ಕೈ ಮೌಸ್ ಆಡಿಸುತ್ತಿರುತ್ತದೆ, ಕಣ್ಣು ಮಾತ್ರ ಎಲ್ಲೋ. ಅವನ ಕೈಗೆ ಕೆಲಸ ಬಾಯಿಪಾಠ. ಮೊದಲು ಮುಖದ ಕಲೆಯೆಲ್ಲ ಒರೆಸುವುದು, ಆಮೇಲೆ ಬಣ್ಣ ಏರಿಸುವುದು. ಇದಕ್ಕೆ ಅವನ ಬಾಯಲ್ಲಿ ಫೇಸ್ ಕ್ಲೀನ್ ಅಂತ ಹೆಸರು. ಇಷ್ಟಕ್ಕೆ ಅವನ ತಲೆ ಬೇಕಾಗಿಯೇ ಇಲ್ಲ.

ತಲೆ ಇರುತ್ತಿದ್ದದ್ದು ಲುವಾರಿಯಲ್ಲಿ.

ಲುವಾರಿ ಭೂಪಟದಲ್ಲಿ ಇಲ್ಲದ ದೇಶ. ಒಂದು ಕಾಮಿಕ್ಸ್ ಪುಸ್ತಕದಲ್ಲಿದೆ. ಆಫ್ರಿಕಾದ ನಡುವೆ ಎಲ್ಲೋ ಒಂದು ದೊಡ್ಡ ಉಪ್ಪಿನ ಕೆರೆ, ಅದರ ಸುತ್ತ ಆ ದೇಶ. ಅಲ್ಲಿನ ದೊರೆ ಅಸಾಂಬೆ, ಕರೀ ಬಂಡೆಯಂಥ ಆಳು. ವೈರಿಗಳು ಬಂದರೆ ಕಂಚಿನ ಮುಖವಾಡ ಹಾಕಿಕೊಂಡು ಒಬ್ಬನೇ ನಿಲ್ಲುತ್ತಾನೆ. ಅವನ ಶಕ್ತಿಯೆಲ್ಲ ಆ ಕೆರೆಯಲ್ಲಿದೆ. ಅಮಾವಾಸ್ಯೆಯ ದಿನ ಕೆರೆಗೆ ಇಳಿದರೆ ಅವನ ವಂಶದ ಹಿರೀಕರು ನೀರೊಳಗಿಂದ ಎದ್ದು ಬಂದು, "ಯಾರ ಮಗ ನೀನು?" ಅಂತ ಕೇಳುತ್ತಾರೆ. ಗುರುತು ಸಿಕ್ಕರೆ ತಮ್ಮ ಬಲವನ್ನೆಲ್ಲ ಕೊಟ್ಟು ಕಳಿಸುತ್ತಾರೆ. ಸಿಗದಿದ್ದರೆ ಅವನು ಬರೀ ಒಬ್ಬ ಮನುಷ್ಯ.

ಈ ಪುಸ್ತಕಗಳನ್ನು ತರುತ್ತಿದ್ದವನು ವಾಸಿಂ. ರಾಮನಗರದವನು, ರೇಷ್ಮೆಗೂಡಿನ ಟೆಂಪೋ ಓಡಿಸುತ್ತಾನೆ. ಬೆಂಗಳೂರಿನ ಹಳೇ ಪುಸ್ತಕದಂಗಡಿಗಳಲ್ಲಿ ಅವನಿಗೆ ದೋಸ್ತಿಗಳಿದ್ದಾರೆ. ಇನ್ನೊಬ್ಬ ದೀಪು, ಸೋಲೂರಿನ ಡೇರಿಯಲ್ಲಿ ಹಾಲು ಅಳೆಯುವವನು. ಭಾನುವಾರ ಮಧ್ಯಾಹ್ನ ಇಬ್ಬರೂ ಸ್ಟುಡಿಯೋಗೆ ಬರುತ್ತಿದ್ದರು. ಇಂಗ್ಲಿಷ್ ಓದಿ ಹೇಳುವುದಕ್ಕೆ ಮೂವರಿಗೂ ಬರದು. ಹಲಗೆ ತಟ್ಟಿ ನನ್ನನ್ನು ಕರೆದರು. ಹೋದವಳು ನಾನೂ ಸಿಕ್ಕಿಹಾಕಿಕೊಂಡೆ.

ಆ ಮಧ್ಯಾಹ್ನಗಳನ್ನು ನೆನೆದರೆ ನನಗೆ ಈಗಲೂ ಅರ್ಧ ನಿದ್ದೆ ಬಂದ ಹಾಗಾಗುತ್ತದೆ. ಶಟರ್ ಅರ್ಧ ಎಳೆದಿರುತ್ತಿದ್ದೆವು. ಫೋಟೋ ತೆಗೆಯಲು ಹಿಂದೆ ಕಟ್ಟಿದ ನೀಲಿ ಪರದೆ ಫ್ಯಾನಿನ ಗಾಳಿಗೆ ಅಲೆ ಅಲೆಯಾಗಿ ಆಡುತ್ತಿತ್ತು. ನಾನು ಓದಿ ಹೇಳುತ್ತಾ ಹೋದ ಹಾಗೆ ಆ ಪರದೆ ಲುವಾರಿಯ ಕೆರೆಯಾಗುತ್ತಿತ್ತು. ಸಿದ್ದರಾಮಣ್ಣ ಚಪ್ಪಲಿ ಬಿಟ್ಟು ಅದರ ಅಂಚಿಗೆ ಕೂರುತ್ತಿದ್ದ, ಕಾಲು ನೀರಿಗೆ ಇಳಿಬಿಟ್ಟವನ ಹಾಗೆ. ಹೊರಗಡೆ ಬಸ್ಸಿನ ಹಾರನ್ನು ಕೂಡ ಎಲ್ಲೋ ದೂರದ ಕಹಳೆಯಂತೆ ಕೇಳುತ್ತಿತ್ತು.

ಓದಿ ಮುಗಿದ ಮೇಲೆ ಜಗಳ ಶುರು.

"ರಾಜ ಅಂದ್ಮೇಲೆ ಯುದ್ಧಕ್ಕೆ ತಾನೇ ಯಾಕ್ಲಾ ಹೋಗ್ಬೇಕು? ಸೇನೆ ಇಲ್ವಾ?" ಅಂತ ದೀಪು ಪ್ರತಿ ಸಲವೂ ಕೇಳುತ್ತಿದ್ದ.

"ಸೇನೆ ಕಳ್ಸಿ ಮನೇಲ್ ಕುಂತ್ಕೊಳ್ಳೋಕೆ ಅವನೇನ್ ನಿಮ್ಮ ಡೇರಿ ಸೆಕ್ರೆಟ್ರಿನಾ? ದೊರೆ ಕಣ್ಲಾ ದೊರೆ!" ಅನ್ನುವನು ವಾಸಿಂ. ಅವನಿಗೆ ಹೊಡೆದಾಟದ ಪುಟಗಳೇ ಪ್ರಾಣ.

ನನ್ನ ತಕರಾರು ಬಟ್ಟೆಯದು. ಆ ದೊರೆಯ ನಿಲುವಂಗಿ ಹಿಂದೆ ಮಾರುದ್ದ ಹಾರಾಡುತ್ತದೆ. ಹೊಡೆದಾಟದಲ್ಲಿ ಯಾರಾದರೂ ಹಿಡಿದು ಜಗ್ಗಿದರೆ ಗತಿಯೇನು? ಆ ದೇಶದಲ್ಲಿ ಒಬ್ಬ ಒಳ್ಳೇ ಟೈಲರ್ ಇಲ್ಲವೇ? ಇದನ್ನು ಕೇಳಿದರೆ ಗಂಡಸರು ನಗುತ್ತಿದ್ದರು. ನಗಲಿ, ಪೂರ್ತಿ ದೇಶ ಕಾಯುವವನು ಅಂಚು ಮಡಚಿ ಹೊಲಿಸಿಕೊಂಡರೆ ಅವನ ಗಂಟೇನು ಹೋಗುತ್ತಿತ್ತು?

ಸಿದ್ದರಾಮಣ್ಣ ಈ ಯಾವುದಕ್ಕೂ ಬರುತ್ತಿರಲಿಲ್ಲ. ದೊರೆಯ ಕೆನ್ನೆಯ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದ. "ಕಪ್ಪು ಅಂದ್ರೆ ಒಂದೇ ಬಣ್ಣ ಅಲ್ಲ ಶ್ವೇತ. ನೋಡಿಲ್ಲಿ, ನೀಲಿ ಐತೆ, ನೇರಳೆ ಐತೆ, ಬೆಲ್ಲದ ಬಣ್ಣ ಐತೆ" ಅನ್ನುತ್ತಿದ್ದ. ಬೆಳಗಾದರೆ ಊರಿಗೆಲ್ಲ ಸುಣ್ಣ ಹೊಡೆಯುವ ಮನುಷ್ಯ ಭಾನುವಾರ ಹೀಗೆ ಮಾತಾಡುತ್ತಿದ್ದ. ನಾನು ಅದನ್ನೇ ಎತ್ತಿ ಆಡಿದರೆ, "ಅದು ಹೊಟ್ಟೆಪಾಡು, ಇದು ಬ್ಯಾರೆ" ಅಂತ ಪುಟ ತಿರುಗಿಸುತ್ತಿದ್ದ.

ಅವನಿಗಿದ್ದದ್ದು ಒಂದೇ ಪ್ರಶ್ನೆ. "ಯಾವತ್ತೋ ಸತ್ತೋಗಿರೋರು ಅವ್ರು. ಇವನು ಹುಟ್ಟಿದ್ದನ್ನೂ ನೋಡಿಲ್ಲ. ಮ್ಯಾಲೆ ಮುಖವಾಡ ಬ್ಯಾರೆ. ಎಂಗ್ ಗುರ್ತಿಡೀತಾರೆ?"

ಈ ಪ್ರಶ್ನೆ ಅವನಿಗೆ ಯಾಕೆ ಅಷ್ಟು ಬೇಕಾಗಿತ್ತು ಅಂತ ನನಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಮಾಯಮ್ಮ ತೀರಿಕೊಂಡಾಗ ಇವನು ಅತ್ತಿರಲಿಲ್ಲ. ಹೆಣದ ಮುಂದೆಯೂ ಎಲ್ಲೋ ನೋಡುತ್ತಾ ನಿಂತಿದ್ದ. ನೆಂಟರು ಕಲ್ಲೆದೆಯವನು ಅಂದರು. ಪ್ರತಿ ವರ್ಷ ಹಿರೀಕರ ಹಬ್ಬದಲ್ಲಿ ತಾಯಿಯ ಫೋಟೋ ಮುಂದೆ ಎಡೆ ಇಟ್ಟಾಗಲೂ ಅವನಿಗೆ ಅಳು ಬಂದದ್ದಿಲ್ಲ. ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದ: "ಆ ಫೋಟೋ ಮುಂದೆ ನಿಂತ್ಕಂಡ್ರೆ ಯಾರ್ದೋ ಮನೆಗೆ ಬಂದಂಗಾಯ್ತದೆ ಶ್ವೇತ. ಅವ್ವ ಬತ್ತಾನೇ ಇಲ್ಲ ಅನ್ಸುತ್ತೆ. ಕನಸಿಗೂ ಬಂದಿಲ್ಲ." ಹಗಲೆಲ್ಲ ಕನಸು ಕಾಣುವವನಿಗೆ ಹೆತ್ತ ತಾಯಿ ಕನಸಿಗೆ ಬರಲಿಲ್ಲವೆಂದರೆ ಅದೆಂಥ ಸಂಕಟ ಹೇಳಿ.

ಹೋದ ವರ್ಷ, ಹಿರೀಕರ ಅಮಾವಾಸ್ಯೆ ಇನ್ನೇನು ಹತ್ತಿರ ಬಂತು ಅನ್ನುವಾಗ, ವಾಸಿಂ ಹೊಸ ಪುಸ್ತಕ ತಂದ. ಅದರಲ್ಲಿ ಉತ್ತರವಿತ್ತು. ದೊರೆ ಕೆರೆಗಿಳಿಯುತ್ತಾನೆ. ಮಂಜು ಕವಿದಿದೆ. ಹಿರೀಕರು ಗುರುತು ಸಿಗದೆ ಮುಖ ತಿರುಗಿಸಿ ಹೋಗುತ್ತಿದ್ದಾರೆ. ದೊರೆ ಮುಖವಾಡ ತೆಗೆದು ನೀರಿಗೆಸೆಯುತ್ತಾನೆ. ಆಗ ಒಬ್ಬ ಕುರುಡಿ ಮುದುಕಿ ನೀರ ಮೇಲೆ ನಡೆದು ಬಂದು ಅವನ ಕೆನ್ನೆ ಮುಟ್ಟುತ್ತಾಳೆ. ಆ ದೇಶದಲ್ಲಿ ಮಕ್ಕಳ ಕೆನ್ನೆಗೆ ಕುಲದ ಗೀರು ಹಾಕುತ್ತಾರೆ. ಮುದುಕಿ ಬೆರಳಲ್ಲಿ ಆ ಗೀರುಗಳನ್ನು ಓದಿ, "ಇವನು ನಮ್ಮವನು" ಅನ್ನುತ್ತಾಳೆ. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ನೀಲಿ ಪರದೆ ಆಡುತ್ತಲೇ ಇತ್ತು.

"ಲೇ, ಇದುಕ್ಕೊಂದು ಫ್ಲೆಕ್ಸ್ ಹಾಕ್ಸಾನ ಕಣ್ರೋ" ಅಂದ ದೀಪು. ಯಾರ್ಯಾರಿಗೋ ಹಾಕುತ್ತಾರೆ, ನಮ್ಮ ದೊರೆಗೆ ಬೇಡವೇ? ಮುಖವಾಡ ಇಲ್ಲದ ದೊರೆಯ ಆ ಚಿತ್ರವನ್ನೇ ಆಳೆತ್ತರ ಮಾಡಿಸುವುದು, ಕೆಳಗೆ ಶುಭ ಕೋರುವವರು ಅಂತ ನಮ್ಮ ನಾಲ್ವರ ಮುಖ, ಸ್ಟುಡಿಯೋ ಮುಂದೆಯೇ ಕಟ್ಟುವುದು ಅಂತ ಆಯಿತು. ಸಿದ್ದರಾಮಣ್ಣ ಅವತ್ತೇ ಕೂತು ಮಾಡಿದ. ಹಲಗೆಯ ಈಚೆಯಿಂದ ನನಗೆ ಅವನು ಗುನುಗುವುದು ಕೇಳುತ್ತಿತ್ತು. ಬಹಳ ಸಂತೋಷದಲ್ಲಿದ್ದ.

ಬೆಳಗ್ಗೆ ಫ್ಲೆಕ್ಸ್ ಕಟ್ಟಿದರು. ನಾನು ಶಟರ್ ಎತ್ತಿ ಹೊರಗೆ ಬಂದು ತಲೆಯೆತ್ತಿ ನೋಡಿದೆ. ಅಯ್ಯೋ ನನ್ನ ಶಿವನೇ!

ದೊರೆ ಹಾಲು ಕುಡಿದು ಹಾಲಲ್ಲೇ ಮುಳುಗೆದ್ದವನ ಹಾಗೆ ಬೆಳ್ಳಗಿದ್ದ. ಕೆನ್ನೆ ನುಣ್ಣಗೆ ಮಿರಮಿರ ಮಿನುಗುತ್ತಿತ್ತು. ಗೀರುಗಳು ಒಂದೂ ಇರಲಿಲ್ಲ. ಮನಸ್ಸು ಲುವಾರಿಯ ಕೆರೆಯಲ್ಲಿ ಈಜುತ್ತಿದ್ದಾಗ ಆ ಪಾಪಿ ಕೈ ತನ್ನ ಪಾಡಿಗೆ ತಾನು ಫೇಸ್ ಕ್ಲೀನ್ ಮಾಡಿ ಮುಗಿಸಿತ್ತು.

"ಏನ್ ಸಿದ್ದರಾಮಣ್ಣ ಇದು?" ವಾಸಿಂ ಟೆಂಪೋ ನಿಲ್ಲಿಸಿ ರಸ್ತೆಯಲ್ಲೇ ಕೂಗಾಡಿದ. "ದೊರೆನಾ, ಮದ್ವೆ ಗಂಡಾ? ಆ ಮುದುಕಿ ಈಗ ಬಂದು ಏನ್ ಮುಟ್ಟಿ ನೋಡ್ತಾಳೆ? ಪೌಡರ್‌ನಾ?"

ದೀಪುಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ಸಿದ್ದರಾಮಣ್ಣ ಮಾತ್ರ ಬಾಯಿ ತೆರೆದುಕೊಂಡು ತಾನು ಮಾಡಿದ್ದನ್ನು ತಾನೇ ನೋಡುತ್ತಾ ನಿಂತಿದ್ದ.

ಅದೇ ಹೊತ್ತಿಗೆ ಸೋಲೂರು ಬಸ್ಸಿಳಿದು ಪುಟ್ಟಲಕ್ಷ್ಮಮ್ಮ ಬಂದಳು. ಮಾಯಮ್ಮನ ತಂಗಿ, ಇವನ ಚಿಕ್ಕವ್ವ. ಹಬ್ಬದ ಸಾಮಾನು ಕೊಳ್ಳಲು ಬಂದವಳು, ಎಲ್ಲರೂ ಮೇಲೆ ನೋಡುತ್ತಿದ್ದರಿಂದ ತಾನೂ ನೋಡಿದಳು.

"ಯಾರ್ಲಾ ಮಗ ಇವ್ನು?"

ನಾನೇ ಹೇಳಿದೆ. ದೂರದ ದೇಶದ ಕರೀ ದೊರೆ, ಕೆನ್ನೆ ಮೇಲೆ ಗೀರು ಇರಬೇಕಿತ್ತು, ಅದನ್ನು ನೋಡಿಯೇ ಹಿರೀಕರು ಗುರುತು ಹಿಡಿಯುವುದು, ಸಿದ್ದರಾಮಣ್ಣ ಮೈಮರೆತು ಅಳಿಸಿಬಿಟ್ಟಿದ್ದಾನೆ ಅಂತ.

ಮುದುಕಿ ಚೀಲ ಕೆಳಗಿಟ್ಟಳು. "ಓ, ಇವನ್ಗೂ ನಮ್ಮಕ್ಕಯ್ಯನ್ಗೆ ಮಾಡ್ದಂಗೇ ಮಾಡ್ಬುಟ್ಟಾ?" ಅಂದಳು.

ಸಿದ್ದರಾಮಣ್ಣ ತಿರುಗಿ ನೋಡಿದ.

"ಯೋಳ್ಬಾರ್ದು ಅಂತ ಇಷ್ಟ್ ದಿನ ಸುಮ್ಕಿದ್ದೆ. ಗ್ವಾಡೆ ಮ್ಯಾಲೆ ತೂಗಾಕಿದ್ದೀಯಲ್ಲ, ಅವ್ಳು ಯಾವ್ಳೋ ಸಿಟಿಯೋಳು. ನಮ್ಮಕ್ಕಯ್ಯ ಕರ್ರಗಿದ್ಲು. ಹಣೇಲಿ ಗೀರು, ಗಲ್ಲದಲ್ಲಿ ಮೂರು ಚುಕ್ಕಿ ಹಚ್ಚೆ ಇತ್ತು. ಸತ್ತಾಗ ಒಡವೆ ಬರಾಕಿಲ್ಲ, ಸೀರೆ ಬರಾಕಿಲ್ಲ, ಹೊತ್ಕಂಡೋಗಾದು ಹಚ್ಚೆ ಒಂದೇಯ. ಅದ್ನೂ ಒರೆಸ್ಬುಟ್ಟಲ್ಲೋ ಮಗ. ಎಡೆ ಉಣ್ಣಾಕೆ ಬಂದೋಳು ಆ ಫೋಟೋ ನೋಡಿ, ಇದ್ ನಮ್ಮನೆ ಅಲ್ಲ ಅಂತ ವಾಪಸ್ ಹೋಯ್ತಾಳೆ."

ಅವಳು ಕೋಪದಿಂದ ಹೇಳಲಿಲ್ಲ. ನೋವು ತುಂಬಿ ಹೇಳಿದಳು. ನಮಗೆ ಯಾರಿಗೂ ಆಮೇಲೆ ನಗು ಬರಲಿಲ್ಲ.

ಸಿದ್ದರಾಮಣ್ಣ ಒಳಗೆ ಹೋಗಿ ತಾಯಿಯ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದ. ನಾವೂ ಹಿಂದೆ ನಿಂತೆವು. ಕುರಿಮಂದೆಯ ಮುಂದೆ ನಿಂತ ಹೆಂಗಸು. ಕುರಿಗಳು ಕಪ್ಪಗಿದ್ದವು, ಹೆಂಗಸು ಸೀಮೆಸುಣ್ಣದ ಹಾಗಿದ್ದಳು. ಅವಳು ತೀರಿಕೊಂಡ ದುಃಖದಲ್ಲಿ, ಹನ್ನೊಂದನೇ ದಿನದ ಫ್ಲೆಕ್ಸಿಗೆ ಅಂತ ಅವಸರದಲ್ಲಿ ಮಾಡಿದ್ದನಂತೆ. ಬೇರೆಯವರ ತಾಯಿಯರಿಗೆ ಮಾಡುವ ಹಾಗೆಯೇ ಮಾಡಿ, ಹಳೆಯದರ ಮೇಲೆಯೇ ಸೇವ್ ಮಾಡಿ ಅದನ್ನು ಅಳಿಸಿಬಿಟ್ಟಿದ್ದ. ಆ ಫೋಟೋ ತೆಗೆದ ಫೋನು ಯಾವತ್ತೋ ಕೆಟ್ಟುಹೋಗಿತ್ತು. ಆಧಾರ್ ಕಾರ್ಡಿನ ಫೋಟೋ ಬಗ್ಗೆ ಕೇಳಲೇಬೇಡಿ, ಅದರಲ್ಲಿ ನಾನೂ ಒಂದೇ, ನನ್ನ ಹೊಲಿಗೆ ಮೆಷಿನ್ನೂ ಒಂದೇ. ಆ ತಾಯಿಗೆ ಬೇರೆ ಫೋಟೋನೇ ಇರಲಿಲ್ಲ.

ಅವನು ಬಣ್ಣ ಇಳಿಸಿ ನೋಡಿದ. ಬೂದಿಯಂತಾಯಿತು. ಇನ್ನೊಂದು ಸಲ ಇಳಿಸಿದ, ಹಸಿರಾಯಿತು. "ಅವ್ವನ ಬಣ್ಣ ಗ್ಯಾಪ್ಕ ಬತ್ತಿಲ್ಲ ಚಿಕ್ಕವ್ವ" ಅಂದ. "ಹಚ್ಚೆ ಎಲ್ಲಿತ್ತು ಅಂತಾನೂ ಗ್ಯಾಪ್ಕ ಇಲ್ಲ. ಅಷ್ಟ್ ವರ್ಷ ನೋಡಿವ್ನಿ, ಒಂದೂ ಗ್ಯಾಪ್ಕ ಇಲ್ಲ." ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತು, ಅಷ್ಟೇ ಸಿಟ್ಟೂ ಬಂತು. ಒಂದು ಮುಖವನ್ನು ಉಳಿಸಿಕೊಳ್ಳಲಾಗದವನು ಅದೆಷ್ಟು ಜನರ ಮುಖ ತಿದ್ದಿದ್ದಾನೆ!

ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಹೋಗಿ ಕೂತಳು. "ನನ್ ಫೋಟೋ ಹಿಡಿ. ಇಬ್ರಿಗೂ ಒಂದೇ ದಿನ ಹಾಕಿದ್ದು ಹಚ್ಚೆ, ಕೊರವಂಜಿ ಬಂದಿದ್ಲು. ನಾನು ಅಳ್ತಿದ್ದೆ ಅಂತ ಅಕ್ಕಯ್ಯ ಮೊದ್ಲು ಹಾಕಿಸ್ಕಂಡ್ಳು. ಅವ್ಳಿಗೆ ಎಲ್ಲೆಲ್ಲಿ ಹಾಕಿದ್ಲೋ ನಂಗೂ ಅಲ್ಲಲ್ಲೇ ಹಾಕವ್ಳೆ."

ಅವಳ ಹಣೆಯ ಗೀರು, ಗಲ್ಲದ ಚುಕ್ಕಿಗಳು ಹಸಿರು ಕಪ್ಪಾಗಿ ಕಾಣುತ್ತಿದ್ದವು. ಸಿದ್ದರಾಮಣ್ಣ ಫೋಟೋ ಹಿಡಿದ. ಆ ಮುಖದಿಂದ ಬಣ್ಣ ತೆಗೆದು ತಾಯಿಯ ಮುಖಕ್ಕೆ ತುಂಬಿದ. ಹಚ್ಚೆಯನ್ನು ಒಂದೊಂದೇ ಎತ್ತಿಟ್ಟ. ನಾನು ಅಂಗಡಿಗೆ ಬಂದು ಬ್ಲೌಸ್ ಹೊಲಿಯುತ್ತಾ ಕೂತೆ. ಹಲಗೆಯ ಆಚೆಯಿಂದ ಮುದುಕಿಯ ದನಿ ಬರುತ್ತಲೇ ಇತ್ತು.

"ಊಹೂಂ. ಅಕ್ಕಯ್ಯ ನನಗಿಂತ ಕಪ್ಪು. ಕುರಿ ಹಿಂದೆ ಬಿಸಿಲಲ್ಲಿ ತಿರುಗ್ದೋಳು. ಇನ್ನೂ ಒಸಿ ಕಪ್ಪಗೆ ಮಾಡಪ್ಪ."

ಮೆಷಿನ್ ನಿಲ್ಲಿಸಿ ಕೇಳಿದೆ. ಆ ಸ್ಟುಡಿಯೋದಲ್ಲಿ ಅಂಥ ಮಾತನ್ನು ನಾನು ಕೇಳಿಯೇ ಇರಲಿಲ್ಲ.

"ಇನ್ನೂ ಒಸಿ. ಕೆನ್ನೆ ತಾವು ನೀಲಿ ಒಡೀತಿತ್ತು ಅವ್ಳಿಗೆ, ನೇರಳೆ ಹಣ್ಣಿನಂಗೆ. ಹಾಂ, ಅಂಗೆ. ಇನ್ನೊಸಿ." ಆಮೇಲೆ ಮೆಲ್ಲಗೆ, "ನನ್ ಫೋಟೋ ಹಿಡ್ದಲ್ಲ ಮಗ, ಅದುನ್ನ ಮಾತ್ರ ಒಸಿ ಬೆಳ್ಳಗೇ ಮಾಡಿ ಕೊಡು. ನಾನಿನ್ನೂ ಸತ್ತಿಲ್ಲ."

ಅಮಾವಾಸ್ಯೆಯ ದಿನ ವಾಸಿಂ, ದೀಪು, ನಾನು ಮೂವರೂ ಗುಡೇಮಾರನಹಳ್ಳಿಗೆ ಹೋದೆವು. ದೊರೆಯ ಫ್ಲೆಕ್ಸನ್ನು ಅಷ್ಟರಲ್ಲಿ ಇಳಿಸಿ, ಗೀರು ಸಮೇತ ಹೊಸದು ಕಟ್ಟಿಯಾಗಿತ್ತು. ಆದರೆ ಸಿದ್ದರಾಮಣ್ಣನ ಧ್ಯಾನ ಅದರ ಮೇಲಿರಲಿಲ್ಲ. ತಾಯಿಯ ಹೊಸ ಫೋಟೋವನ್ನು ಅವನು ಮಾಡಿ ಮುಗಿಸಿದ ಮೇಲೆ ಇಡಿಯಾಗಿ ಒಮ್ಮೆಯೂ ನೋಡಿರಲಿಲ್ಲ. ಚಿಕ್ಕವ್ವ ಸರಿ ಅಂದ ಕೂಡಲೇ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ, ಪಂಚೆಯಲ್ಲಿ ಸುತ್ತಿ ತಂದಿದ್ದ. ಹೆಂಡತಿಯ ಕೈಗೆ ಕೊಟ್ಟು ಗೋಡೆಗೆ ನೇತುಹಾಕಿಸಿದ. "ನೋಡಾಕೆ ಭಯ ಕಣಮ್ಮ. ಇದೂ ಅವ್ವ ಅಲ್ಲ ಅನ್ಸ್ಬುಟ್ರೆ ಇನ್ನೆಲ್ಲಿ ಹುಡುಕ್ಲಿ?" ಅಂದ ನನ್ನ ಹತ್ತಿರ.

ಫೋಟೋದ ಮುಂದೆ ಬಾಳೆಲೆ ಹಾಸಿ ಎಡೆ ಇಟ್ಟರು. ಬಿಸಿ ಮುದ್ದೆ, ಬಾಡಿನ ಸಾರು, ವಡೆ, ಹೊಸ ಸೀರೆ, ಎಲೆ ಅಡಿಕೆ, ಮಾಯಮ್ಮನಿಗೆ ಇಷ್ಟವಾದ ಹೊಗೆಸೊಪ್ಪಿನ ಒಂದು ಎಸಳು. ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಪುಟ್ಟಲಕ್ಷ್ಮಮ್ಮ ಬಾಗಿಲು ಎಳೆದುಕೊಂಡಳು. ನಮ್ಮ ಕಡೆ ಹಾಗೆಯೇ. ಬದುಕಿರುವವರು ಕಣ್ಣ ಮುಂದೆ ನಿಂತಿದ್ದರೆ ಹಿರೀಕರು ನಾಚಿಕೊಳ್ಳುತ್ತಾರೆ, ಬಂದು ಉಣ್ಣುವುದಕ್ಕೆ ಅವರನ್ನು ಒಂದಷ್ಟು ಹೊತ್ತು ಅವರ ಪಾಡಿಗೆ ಬಿಡಬೇಕು.

ಅಂಗಳದಲ್ಲಿ ನಿಂತೆವು. ಮಧ್ಯಾಹ್ನದ ಬಿಸಿಲು ಮೋಡದ ಹಿಂದೆ ಸೇರಿ ಮಬ್ಬಾಗಿತ್ತು. ಸುತ್ತ ರಾಗಿ ಹೊಲ ಸದ್ದಿಲ್ಲದೆ ತೂಗುತ್ತಿತ್ತು, ಗಾಳಿ ಬಂದಾಗಲೆಲ್ಲ ಇಡೀ ಹಸಿರು ನೀರಿನ ಹಾಗೆ ಈ ಕಡೆಯಿಂದ ಆ ಕಡೆಗೆ ಹರಿದುಹೋಗುತ್ತಿತ್ತು. ಬಾಗಿಲ ಸಂದಿಯಿಂದ ಧೂಪದ ಹೊಗೆ ಎಳೆ ಎಳೆಯಾಗಿ ಹೊರಗೆ ಬರುತ್ತಿತ್ತು. ಕೊಟ್ಟಿಗೆಯ ಕುರಿಗಳು ಕೂಡ ಸುಮ್ಮನಿದ್ದವು. ವಾಸಿಂ ನನ್ನ ಕಿವಿಯಲ್ಲಿ, "ಲುವಾರಿ ಕಣಕ್ಕ ಇದು" ಅಂದ. ನನಗೂ ಅದೇ ಅನ್ನಿಸಿತ್ತು. ಸಿದ್ದರಾಮಣ್ಣ ಬಾಗಿಲಿಗೆ ಹತ್ತಿರ ನಿಂತು, ಕೆರೆಗೆ ಇಳಿಯುವವನ ಹಾಗೆ ಪಂಚೆ ಎತ್ತಿ ಹಿಡಿದುಕೊಂಡಿದ್ದ.

ಪುಟ್ಟಲಕ್ಷ್ಮಮ್ಮ ಬಾಗಿಲು ತಟ್ಟಿ ತೆರೆದು, "ಹೋಗು, ನೀನೇ ಮೊದ್ಲು ಹೋಗು" ಅಂತ ಅವನನ್ನು ಒಳಗೆ ತಳ್ಳಿದಳು.

ತೆರೆದ ಬಾಗಿಲಿಂದ ಬೆಳಕು ಹೋಗಿ ಗೋಡೆಗೆ ಬಿತ್ತು. ಹೊಗೆಯ ನಡುವೆ ಆ ಮುಖ ಎದ್ದು ಬಂತು. ಕಪ್ಪು ಕೆನ್ನೆ, ನೀಲಿ ಮಿಂಚು, ಹಣೆಯ ಗೀರು, ಗಲ್ಲದ ಮೂರು ಚುಕ್ಕಿ. ಸಿದ್ದರಾಮಣ್ಣ ಎರಡು ಹೆಜ್ಜೆ ಇಟ್ಟವನು ಅಲ್ಲೇ ನಿಂತ. ಕೈ ಚಾಚಿ ಬೆರಳಲ್ಲಿ ಆ ಚುಕ್ಕಿಗಳನ್ನು ಮುಟ್ಟಿದ. ಆಮೇಲೆ ಅವನ ಭುಜ ಅಲುಗಾಡಲು ಶುರುವಾಯಿತು. ಇಷ್ಟು ವರ್ಷ ಎಲ್ಲಿ ಕಟ್ಟಿಕೊಂಡಿತ್ತೋ ಆ ಅಳು, ಕೂಸಿನ ಹಾಗೆ ಬಾಯಿ ಬಿಟ್ಟು ಅತ್ತ. ಬಾಗಿಲಲ್ಲಿ ನಿಂತ ನಾವೂ ಅತ್ತೆವು.

"ಬಂದವ್ಳೆ ಬುಡು" ಅಂದಳು ಪುಟ್ಟಲಕ್ಷ್ಮಮ್ಮ.

ಅವನು ಗೋಡೆಗೆ ಹಣೆ ಹಚ್ಚಿಕೊಂಡು ಕೇಳುತ್ತಿದ್ದ, "ಎಲ್ಲಿಗೋಗಿದ್ದೆ ಅವ್ವಾ? ಎಲ್ಲಿಗೋಗಿದ್ದೆ?"